ಅಳೆದದ್ದು ಏನು ಅಂತ ಮೊದಲು ಕೇಳು

ಚಿ. ವಿನಯನಿಗೆ ಅತ್ತೆಯ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ರಾತ್ರಿ ನೀನು ಒಂದರ ಹಿಂದೆ ಒಂದು ಕಳಿಸಿದ ಮೂರೂ ಸುದ್ದಿ ಓದಿದೆ. ಒಂದು ಮಿದುಳಿನದು, ಒಂದು ಮರೆವಿನ ಔಷಧದ್ದು, ಇನ್ನೊಂದು ಅಂಟಾರ್ಕ್ಟಿಕಾದ ಹಳೇ ಹಿಮದ್ದು. ಕೊನೆಗೆ ನೀನು ಬರೆದ ಸಾಲನ್ನೂ ಓದಿದೆ. "ಇವತ್ತು ಹೌದು ಅಂತಾರೆ, ನಾಳೆ ಅಲ್ಲ ಅಂತಾರೆ. ಯಾರನ್ನ ನಂಬೋದು ಅತ್ತೆ?" ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ಬೈಗುಳ. ಔಷಧದ ಸುದ್ದಿಯನ್ನು ನೀನು ಮನೆಯ ಗ್ರೂಪಿಗೂ ಹಾಕಿಬಿಟ್ಟೆ. "ಮರೆವಿನ ಕಾಯಿಲೆ 27% ನಿಧಾನ" ಅನ್ನುವ ತಲೆಬರಹ ಮಾತ್ರ ಎಲ್ಲರ ಕಣ್ಣಿಗೆ ಬಿತ್ತು. ಅರ್ಧ ಗಂಟೆಯಲ್ಲಿ ನಿನ್ನ ದೊಡ್ಡಮ್ಮ ನನಗೆ ಫೋನ್ ಮಾಡಿದರು. ಆ ದನಿಯಲ್ಲಿ ಎಷ್ಟು ಆಸೆ ಇತ್ತು ಗೊತ್ತಾ? ಅಣ್ಣ ಈಗ ಅವರನ್ನೇ "ನೀವು ಯಾರು" ಅಂತ ಕೇಳುವ ಹಂತದಲ್ಲಿದ್ದಾನೆ. ಆ ಔಷಧ ಪರೀಕ್ಷೆಯಾದದ್ದು ಕಾಯಿಲೆ ಆಗಷ್ಟೇ ಶುರುವಾದವರ ಮೇಲೆ. ಅದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನೀನು ಬೇಕಂತ ಮಾಡಿದ್ದಲ್ಲ, ಗೊತ್ತು. ಆದರೂ ಹೇಳಬೇಕಿತ್ತು, ಹೇಳಿದೆ.

ನಾನು ಮೂವತ್ತು ವರ್ಷ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು. ಸೇರಿದ ಎರಡನೇ ವರ್ಷ ಒಂದು ಟ್ಯೂಬ್ ಬಂತು. ಪೊಟ್ಯಾಶಿಯಂ 6.8. ಅಷ್ಟಿದ್ದರೆ ಹೃದಯದ ಬಡಿತವೇ ಹದ ತಪ್ಪಬಹುದು. ಗಾಬರಿಯಾಗಿ ವಾರ್ಡಿಗೆ ಫೋನ್ ಮಾಡಿದೆ. ಅಲ್ಲಿ ಓಡಾಟ ಶುರುವಾಯಿತು. ರೋಗಿ ಮಾತ್ರ ಮಂಚದ ಮೇಲೆ ಕೂತು ಪೇಪರ್ ಓದುತ್ತಿದ್ದರಂತೆ. ನಮ್ಮ ಹಿರಿಯ ಟೆಕ್ನಿಷಿಯನ್ ಬಂದು ಟ್ಯೂಬನ್ನು ಬೆಳಕಿಗೆ ಹಿಡಿದರು. ಮೇಲೆ ನಿಂತ ಸೀರಂ ಒಣಹುಲ್ಲಿನ ಬಣ್ಣಕ್ಕಿರಬೇಕು. ಅದು ತೆಳು ಗುಲಾಬಿಯಾಗಿತ್ತು. ಸಣ್ಣ ಸೂಜಿಯಲ್ಲಿ ಜೋರಾಗಿ ರಕ್ತ ಎಳೆದಿದ್ದರು. ಕೆಂಪು ಕಣಗಳು ಒಡೆದು, ಅವುಗಳ ಒಳಗಿನ ಪೊಟ್ಯಾಶಿಯಂ ಹೊರಗೆ ಸೋರಿತ್ತು. ಮತ್ತೆ ರಕ್ತ ತೆಗೆದು ನೋಡಿದರೆ 4.2! "ಮಷೀನ್ ಸುಳ್ಳು ಹೇಳಿಲ್ಲ ಕಣಮ್ಮಾ. ಟ್ಯೂಬಿನಲ್ಲಿ ಇದ್ದದ್ದನ್ನೇ ಹೇಳಿದೆ. ಟ್ಯೂಬಿನಲ್ಲಿ ಇದ್ದದ್ದೇ ಮೈಯಲ್ಲೂ ಇದೆ ಅಂದುಕೊಂಡವಳು ನೀನು" ಅಂದರು.

ಅವತ್ತಿನಿಂದ ಯಾವ ಸಂಶೋಧನೆಯ ಸುದ್ದಿ ಓದಿದರೂ ನನ್ನ ಮೊದಲ ಪ್ರಶ್ನೆ ಅದೇ. ಇವರು ನಿಜಕ್ಕೂ ಅಳೆದದ್ದು ಏನು? ಇವರು ಹೇಳುತ್ತಿರುವುದನ್ನೇ ಅಳೆದರಾ, ಇಲ್ಲಾ ಅದರ ಬದಲಿಗೆ ಇನ್ನೇನನ್ನೋ ಅಳೆದರಾ? ಬದಲಿ ಆಗಿದ್ದರೆ, ನಡುದಾರಿಯಲ್ಲಿ ಏನು ಸೋರಿರಬಹುದು?

ನೀನು ಕಳಿಸಿದ ಮಿದುಳಿನ ಸುದ್ದಿ ತಗೋ. ಯಾವ ಭಾವನೆಗೆ ಯಾವ ಜಾಗ "ಬೆಳಗುತ್ತದೆ" ಅಂತ ಕೆಂಪು ಹಳದಿ ಚಿತ್ರ. ಅದು ಎಫ್‌ಎಂಆರ್‌ಐ ಯಂತ್ರದ್ದು. ಅಲ್ಲಿ ಯಾವ ದೀಪವೂ ಹೊತ್ತುವುದಿಲ್ಲ. ಆ ಯಂತ್ರ ಯೋಚನೆಯನ್ನು ನೋಡುವುದಿಲ್ಲ, ನರಕೋಶದ ಕೆಲಸವನ್ನೂ ನೇರವಾಗಿ ನೋಡುವುದಿಲ್ಲ. ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು ನೋಡುತ್ತದೆ. 1990ರಲ್ಲಿ ಸೇಜಿ ಒಗಾವಾ ಮತ್ತು ಜೊತೆಗಾರರು ತೋರಿಸಿಕೊಟ್ಟ ದಾರಿ ಅದು. ನರಕೋಶಗಳು ದುಡಿದ ಜಾಗಕ್ಕೆ ಹೊಸ ರಕ್ತ ನುಗ್ಗುತ್ತದೆ. ಆದರೆ ಆ ಅಲೆ ಪೂರ್ತಿ ಏರುವಷ್ಟರಲ್ಲಿ ಐದಾರು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ನೀನು ಎಷ್ಟು ಯೋಚನೆ ಮಾಡಿ ಬಿಟ್ಟಿರುತ್ತೀಯ, ಅಲ್ವಾ?

2009ರಲ್ಲಿ ಕ್ರೇಗ್ ಬೆನೆಟ್ ಅನ್ನುವವರು ಜೊತೆಗಾರರೊಂದಿಗೆ ಒಂದು ತಮಾಷೆ ಮಾಡಿದರು. ಸತ್ತ ಸಾಲ್ಮನ್ ಮೀನನ್ನು ಆ ಯಂತ್ರದೊಳಗೆ ಮಲಗಿಸಿದರು. ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಅಂತ ಕೇಳಿದರು. ಲೆಕ್ಕ ಹಾಕಿದಾಗ ಮೀನಿನ ಮಿದುಳಿನಲ್ಲಿ ಕೆಲವು ಚುಕ್ಕೆಗಳು "ಬೆಳಗಿದವು". ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷೆಗೆ ಕೂರಿಸಿದರೆ ಕೆಲವು ಸುಮ್ನೆ ಅದೃಷ್ಟದಿಂದಲೇ ಪಾಸಾಗುತ್ತವೆ. ಅದಕ್ಕೆ ಸರಿಯಾದ ತಿದ್ದುಪಡಿ ಹಾಕಿದ ಕೂಡಲೇ ಎಲ್ಲ ಮಾಯ. ಇವರಿಗೆ 2012ರಲ್ಲಿ ಇಗ್ ನೊಬೆಲ್ ಅನ್ನುವ ತಮಾಷೆಯ ಬಹುಮಾನ ಸಿಕ್ಕಿತು. ನನಗೆ ಕೇಳಿದರೆ ಆ ಮೀನಿಗೂ ಅರ್ಧ ಪಾಲು ಕೊಡಬೇಕಿತ್ತು.

ಹಾಗಂತ ಮಿದುಳಿನ ಕೆಲಸವೆಲ್ಲ ಟೊಳ್ಳು ಅಂದುಕೊಳ್ಳಬೇಡ. 2024ರಲ್ಲಿ ಹಣ್ಣುನೊಣದ ಪೂರ್ತಿ ಮಿದುಳಿನ ನಕ್ಷೆ ಬಂತು. 1,39,255 ನರಕೋಶ, 5 ಕೋಟಿಯಷ್ಟು ಜೋಡಣೆ. ಗಸಗಸೆ ಕಾಳಿನಷ್ಟು ಜಾಗದಲ್ಲಿ! ಇಲ್ಲಿ ಬದಲಿ ಏನೂ ಇಲ್ಲ. ಪದರ ಪದರವಾಗಿ ಕೊಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಎಳೆಯನ್ನೇ ಹಿಡಿದು ಹೋದದ್ದು. ಆದರೆ "ಮಿದುಳಿನ ಗುಟ್ಟು ರಟ್ಟಾಯಿತು" ಅಂತ ಯಾರಾದರೂ ಬರೆದರೆ ಅಲ್ಲಿ ನಿಲ್ಲು. 302 ನರಕೋಶದ ಒಂದು ಹುಳುವಿನ ನಕ್ಷೆ 1986ರಲ್ಲೇ ಬಂದಿದೆ. ಅದು ಮುಂದಿನ ಗಳಿಗೆ ಏನು ಮಾಡುತ್ತದೆ ಅಂತ ಆ ನಕ್ಷೆ ನೋಡಿ ಇನ್ನೂ ಪೂರ್ತಿ ಹೇಳಲಾಗುತ್ತಿಲ್ಲ.

ಇನ್ನು ಔಷಧ. ಇಲ್ಲಿ ಬದಲಿಯನ್ನು ನಂಬಿದರೆ ಜೀವವೇ ಹೋಗುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಕೂರು.

ಹೃದಯಾಘಾತ ಆದವರಲ್ಲಿ ನಡುನಡುವೆ ತಪ್ಪು ಬಡಿತ ಬರುತ್ತದೆ. ಅಂಥ ಬಡಿತ ಜಾಸ್ತಿ ಇದ್ದವರು ಜಾಸ್ತಿ ಸಾಯುತ್ತಾರೆ ಅಂತ ಗೊತ್ತಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಅನ್ನುವ ಮಾತ್ರೆಗಳು ಆ ಬಡಿತವನ್ನು ಚೆನ್ನಾಗಿ ತಗ್ಗಿಸುತ್ತಿದ್ದವು. ಇಸಿಜಿ ಪಟ್ಟಿ ಮೊದಲಿಗಿಂತ ಎಷ್ಟೋ ಚೊಕ್ಕ. ವೈದ್ಯರಿಗೆ ಸಮಾಧಾನ, ರೋಗಿಗೂ ಸಮಾಧಾನ. ಕೊನೆಗೆ ಕ್ಯಾಸ್ಟ್ ಅನ್ನುವ ದೊಡ್ಡ ಪರೀಕ್ಷೆಯಲ್ಲಿ ಮಾತ್ರೆ ತಗೊಂಡವರನ್ನೂ ಸುಳ್ಳು ಮಾತ್ರೆ ತಗೊಂಡವರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 1989ರಲ್ಲಿ ಆ ಎರಡು ಮಾತ್ರೆಗಳನ್ನು ನಡುವಲ್ಲೇ ನಿಲ್ಲಿಸಬೇಕಾಯಿತು. ಮಾತ್ರೆ ತಗೊಂಡ 755 ಜನರಲ್ಲಿ 63 ಜನ ಸತ್ತಿದ್ದರು. ಸುಳ್ಳು ಮಾತ್ರೆಯ 743 ಜನರಲ್ಲಿ 26. ಪಟ್ಟಿ ಚೊಕ್ಕವಾಗಿತ್ತು, ಮನುಷ್ಯ ಇರಲಿಲ್ಲ. ಒಳ್ಳೇ ಮನಸ್ಸಿನಿಂದಲೇ ಬರೆದುಕೊಟ್ಟ ಮಾತ್ರೆಗಳು ಕಣೋ ಅವು.

ಈಗ ನಿನ್ನ 27%ಗೆ ಬರೋಣ. ಔಷಧದ ಹೆಸರು ಲೆಕಾನೆಮ್ಯಾಬ್. 1,795 ಜನ, 18 ತಿಂಗಳು, ಎರಡು ವಾರಕ್ಕೊಮ್ಮೆ ನರಕ್ಕೆ ಹನಿಹನಿಯಾಗಿ ಹಾಕುವ ಔಷಧ. ಮಿದುಳಿನಲ್ಲಿ ಕಟ್ಟಿಕೊಂಡ ಅಮಿಲಾಯ್ಡ್ ಅನ್ನುವ ಪ್ರೋಟೀನಿನ ಗಂಟುಗಳು ಬಹುಪಾಲು ಕರಗಿದವು. ಅಷ್ಟನ್ನೇ ನೋಡಿದರೆ ಗೆದ್ದ ಹಾಗೆ. ಆದರೆ ಅಮಿಲಾಯ್ಡೂ ಬದಲಿಯೇ. ಜನರಿಗೆ ಬೇಕಾದದ್ದು ನೆನಪು. ಅದನ್ನೂ ದಿನನಿತ್ಯದ ಕೆಲಸಗಳನ್ನೂ ಸೇರಿಸಿ 0ಯಿಂದ 18ರವರೆಗಿನ ಒಂದು ಅಳತೆಯಲ್ಲಿ ನೋಡಿದರು. ಅಂಕ ಏರಿದಷ್ಟೂ ಕಾಯಿಲೆ ಜಾಸ್ತಿ. ಸುಳ್ಳು ಔಷಧದವರು 18 ತಿಂಗಳಲ್ಲಿ 1.66 ಅಂಕದಷ್ಟು ಹದಗೆಟ್ಟರು, ನಿಜವಾದ ಔಷಧದವರು 1.21. ವ್ಯತ್ಯಾಸ 0.45. ಅದನ್ನು 1.66ರಿಂದ ಭಾಗಿಸು, 27% ಬರುತ್ತದೆ. ಎರಡೂ ನಿಜ. ಒಂದು ತಲೆಬರಹಕ್ಕೆ ಹೋಯಿತು, ಇನ್ನೊಂದು ಒಳಗೆ ಉಳಿಯಿತು. ಜೊತೆಗೆ ಔಷಧ ಪಡೆದವರಲ್ಲಿ 12.6% ಜನರಿಗೆ ಮಿದುಳಿನಲ್ಲಿ ಊತ ಕಾಣಿಸಿತು, ಬಹಳಷ್ಟು ಸಲ ತೊಂದರೆ ಕೊಡದ ಊತವೇ. ಸುಳ್ಳು ಔಷಧದವರಲ್ಲಿ ಅದು 1.7%.

ಈ ಔಷಧ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಈ ಕಾಯಿಲೆಯ ಬೇರಿಗೆ ಕೈ ಹಾಕಿ ಇಷ್ಟಾದರೂ ನಿಧಾನ ಮಾಡಿದ್ದು ದೊಡ್ಡದೇ. ಆದರೆ ನಿನ್ನ ದೊಡ್ಡಮ್ಮನಿಗೆ ಹೇಳುವಾಗ 27 ಅಂತ ಹೇಳಬೇಕಾ, 0.45 ಅಂತ ಹೇಳಬೇಕಾ? ನಾನು ಎರಡನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಬಿಡು" ಅಂದರು.

ಹಿಮದ ಸುದ್ದಿ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಥರ್ಮಾಮೀಟರ್ ಹಿಡಿದು ಯಾರೂ ನಿಂತಿರಲಿಲ್ಲ. ಪೂರ್ತಿ ಬದಲಿಗಳದ್ದೇ ಕಾರುಬಾರು, ಆದರೂ ಎಷ್ಟು ಚೆನ್ನಾಗಿ ನಡೆದಿದೆ ನೋಡು.

1952ರಲ್ಲಿ ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ ತನ್ನ ಮನೆಯ ಹುಲ್ಲುಹಾಸಿನ ಮೇಲೆ ಒಂದು ಬಿಯರ್ ಬಾಟಲಿ ಇಟ್ಟು, ಬಾಯಿಗೆ ಆಲಿಕೆ ಸಿಕ್ಕಿಸಿ, ಮಳೆನೀರು ಹಿಡಿದ. ನೀರಿನಲ್ಲಿ ಹಗುರ ಆಮ್ಲಜನಕವೂ ಇರುತ್ತದೆ, ಭಾರದ್ದೂ ಇರುತ್ತದೆ. ಮೋಡ ತಣ್ಣಗಾಗುತ್ತ ಹೋದ ಹಾಗೆ ಭಾರದ್ದು ಮೊದಲು ಉದುರುತ್ತದೆ. ಧ್ರುವ ತಲುಪುವಷ್ಟರಲ್ಲಿ ಹಗುರದ್ದೇ ಜಾಸ್ತಿ. ಚಳಿ ಹೆಚ್ಚಿದಷ್ಟೂ ಹಿಮದಲ್ಲಿ ಭಾರದ ಆಮ್ಲಜನಕ ಕಡಿಮೆ. ಹಾಗಾದರೆ ಹಳೇ ಹಿಮವನ್ನು ಕೊರೆದು ತೆಗೆದರೆ ಹಳೇ ಚಳಿಯನ್ನು ಓದಬಹುದು. ಇನ್ನೊಬ್ಬ ಫ್ರಾನ್ಸಿನ ಕ್ಲೋಡ್ ಲೋರಿಯುಸ್. 1965ರಲ್ಲಿ ಅಂಟಾರ್ಕ್ಟಿಕಾದಲ್ಲಿ ಕೊರೆದು ತೆಗೆದ ಹಿಮದ ಚೂರನ್ನು ಸಂಜೆ ವಿಸ್ಕಿಗೆ ಹಾಕಿಕೊಂಡ. ಗ್ಲಾಸಿನಲ್ಲಿ ಗುಳ್ಳೆಗಳು ಒಡೆಯುತ್ತಿದ್ದವು. ಇದು ಆ ಕಾಲದ ಗಾಳಿ ಅಂತ ಹೊಳೆಯಿತು. ಎಲ್ಲರೂ ಗ್ಲಾಸ್ ನೋಡುತ್ತಾರೆ, ಅವನು ಗುಳ್ಳೆ ನೋಡಿದ.

ಒಂದು ವ್ಯತ್ಯಾಸ ಗಮನಿಸು. ಹಿಮದಿಂದ ಓದುವ ಬಿಸಿ ಬದಲಿ. ಗುಳ್ಳೆಯ ಒಳಗಿನ ಇಂಗಾಲದ ಡೈಆಕ್ಸೈಡ್ ಬದಲಿ ಅಲ್ಲ, ಅಸಲು. ಆ ಕಾಲದ ಗಾಳಿಯನ್ನೇ ತೆಗೆದು ಅಳೆಯುವುದು. ಎಂಟು ಲಕ್ಷ ವರ್ಷಗಳ ಹಿಮದಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 300 ಭಾಗ ದಾಟಿಲ್ಲ. ಈಗ 420 ದಾಟಿದೆ.

ಆದರೆ ಅಲ್ಲೂ ಒಂದು ಸೋರಿಕೆ ಇತ್ತು. ಬಿದ್ದ ಹಿಮ ತಕ್ಷಣ ಗಟ್ಟಿಯಾಗುವುದಿಲ್ಲ. ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ನೂರು ಮೀಟರ್ ಆಸುಪಾಸು ಕೆಳಗೆ ಹೋದ ಮೇಲೇ ಗುಳ್ಳೆಯ ಬಾಯಿ ಮುಚ್ಚುವುದು. ಅಲ್ಲಿವರೆಗೆ ಮೇಲಿನ ಗಾಳಿ ಓಡಾಡುತ್ತಲೇ ಇರುತ್ತದೆ. ಅಂದರೆ ಡಬ್ಬಿ ಹಳೇದು, ಒಳಗಿನ ಗಾಳಿ ಹೊಸದು. ವ್ಯತ್ಯಾಸ ಸಾವಿರಾರು ವರ್ಷ ಇರಬಹುದು. 2003ರಲ್ಲಿ ಅಂಟಾರ್ಕ್ಟಿಕಾದ ವೋಸ್ಟಾಕ್ ಅನ್ನುವ ಜಾಗದ ಹಿಮ ನೋಡಿದವರು, ಮೊದಲು ಅಂಟಾರ್ಕ್ಟಿಕಾ ಬಿಸಿಯಾಯಿತು, ಸುಮಾರು 800 ವರ್ಷ ಆದ ಮೇಲೆ ಇಂಗಾಲದ ಡೈಆಕ್ಸೈಡ್ ಏರಿತು ಅಂದರು. ಕೆಲವರು ಅಷ್ಟನ್ನೇ ಹಿಡಿದುಕೊಂಡು, ನೋಡಿ, ಈ ಅನಿಲಕ್ಕೂ ಬಿಸಿಗೂ ಸಂಬಂಧವೇ ಇಲ್ಲ ಅಂತ ಕುಣಿದರು. ಅಳೆದದ್ದು ಒಂದು ಖಂಡದ ಬಿಸಿ, ಇವರು ಹೇಳಿದ್ದು ಇಡೀ ಭೂಮಿಯದು. 2012ರಲ್ಲಿ ಜಗತ್ತಿನ 80 ಕಡೆಯ ದಾಖಲೆ ಸೇರಿಸಿ ನೋಡಿದಾಗ, ಕಳೆದ ಹಿಮಯುಗ ಮುಗಿಯುವಾಗ ಅನಿಲ ಮುಂದೆ, ಇಡೀ ಭೂಮಿಯ ಬಿಸಿ ಅದರ ಹಿಂದೆ. 2013ರಲ್ಲಿ ಇನ್ನೊಂದು ತಂಡ ಆ ಡಬ್ಬಿ ಮತ್ತು ಗಾಳಿಯ ಲೆಕ್ಕವನ್ನೇ ತಿದ್ದಿತು. ಗುಳ್ಳೆಯಲ್ಲಿನ ಸಾರಜನಕದಿಂದ ಆಗ ಹಿಮ ಎಷ್ಟು ಆಳಕ್ಕೆ ಮುಚ್ಚಿಕೊಳ್ಳುತ್ತಿತ್ತು ಅಂತ ಕಂಡುಕೊಂಡರು. ಅಂಟಾರ್ಕ್ಟಿಕಾದಲ್ಲೂ ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ಏರಿದ್ದವು.

"ಇವತ್ತು ಹೌದು, ನಾಳೆ ಅಲ್ಲ" ಅಂದೆಯಲ್ಲ, ಅದು ಇದು. ನಾನು ಗುಲಾಬಿ ಸೀರಂ ನೋಡಿದ ಮೇಲೆ ಮಷೀನ್ ಬಿಸಾಡಲಿಲ್ಲ. ಮತ್ತೊಂದು ಟ್ಯೂಬ್ ತರಿಸಿದೆ.

ನೀನು ಕಳಿಸಿದ ಸುದ್ದಿಯಲ್ಲಿ 2025ರ ಜನವರಿಯಲ್ಲಿ ಯುರೋಪಿನವರು 2,800 ಮೀಟರ್ ಕೊರೆದು 12 ಲಕ್ಷ ವರ್ಷಕ್ಕೂ ಹಳೇ ಹಿಮ ಮುಟ್ಟಿದರು ಅಂತಿದೆ. ಅದರ ತಳಭಾಗದಲ್ಲಿ ಒಂದು ಮೀಟರಿಗೆ 13,000 ವರ್ಷದವರೆಗೂ ಅದುಮಿ ಕೂತಿದೆ. ಅಲ್ಲಿ ಬೆರಳಗಲ ತಪ್ಪಿದರೂ ಇನ್ನೂರು ವರ್ಷ ಆಚೀಚೆ. ಮೊದಲು 41,000 ವರ್ಷಕ್ಕೊಮ್ಮೆ ಬರುತ್ತಿದ್ದ ಹಿಮಯುಗ ಸುಮಾರು ಹತ್ತು ಲಕ್ಷ ವರ್ಷದ ಹಿಂದೆ ಲಕ್ಷ ವರ್ಷಕ್ಕೊಮ್ಮೆ ಆಗಿದ್ದು ಯಾಕೆ ಅನ್ನುವುದು ಅವರ ಪ್ರಶ್ನೆ. ಆ ಫಲಿತಾಂಶ ಬಂದಾಗ ಕಳಿಸು, ಬೈಯುವುದಿಲ್ಲ.

ಕೊನೆಗೆ ಒಂದು ಮಾತು. ನಿನ್ನ ಮೂರು ಸುದ್ದಿಯೂ ಒಂದೇ ಕಡೆ ಸೇರುವ ಜಾಗ ಇದೆ. ದೊಡ್ಡವರ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತದಾ ಅಂತ ದೊಡ್ಡ ಜಗಳ. 2018ರಲ್ಲಿ ಒಂದೇ ತಿಂಗಳ ಅಂತರದಲ್ಲಿ ಒಂದು ತಂಡ ಇಲ್ಲ ಅಂತು, ಇನ್ನೊಂದು ಹೌದು ಅಂತು. ಇಬ್ಬರೂ ನೋಡಿದ್ದು ಸತ್ತವರ ಮಿದುಳಿನ ಚೂರಿಗೆ ಬಣ್ಣ ಹಾಕಿ. ಸತ್ತು ಎಷ್ಟು ಹೊತ್ತಾದ ಮೇಲೆ ಚೂರು ತೆಗೆದರು ಅನ್ನುವುದರ ಮೇಲೆ ಆ ಬಣ್ಣ ಹಿಡಿಯುವುದೂ ಬದಲಾಗುತ್ತದೆ. ಮತ್ತೆ ಅದೇ ಟ್ಯೂಬಿನ ಕಥೆ. ಅದಕ್ಕೂ ಮೊದಲೇ, 2013ರಲ್ಲಿ, ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ ಬೇರೆಯೇ ದಾರಿ ಹಿಡಿದಿತ್ತು. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಅನ್ನುವ ವಿಕಿರಣಶೀಲ ಇಂಗಾಲ ಹೆಚ್ಚುಕಡಿಮೆ ಎರಡರಷ್ಟಾಯಿತು. 1963ರ ನಿಷೇಧ ಒಪ್ಪಂದದ ನಂತರ ವರ್ಷ ವರ್ಷ ಇಳಿಯುತ್ತ ಬಂತು. ಅದು ಗಿಡಕ್ಕೆ ಹೋಯಿತು, ಗಿಡದಿಂದ ನಮ್ಮೊಳಗೆ. ಕೋಶ ಹುಟ್ಟಿದ ವರ್ಷದ ಗಾಳಿಯ ಗುರುತು ಅದರ ಡಿಎನ್‌ಎಯಲ್ಲಿ ಕೂತುಬಿಡುತ್ತದೆ. ಅದನ್ನು ಓದಿ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ಸಿನಲ್ಲಿ ಎಡಕ್ಕೂ ಬಲಕ್ಕೂ ದಿನಕ್ಕೆ ತಲಾ ಸುಮಾರು 700 ಹೊಸ ನರಕೋಶ ಸೇರುತ್ತವೆ ಅಂತ ಲೆಕ್ಕ ಹಾಕಿದರು. 2025ರಲ್ಲಿ ಅದೇ ತಂಡ, ಅಂಥ ಕೋಶಗಳಿಗೆ ಜನ್ಮ ಕೊಡುವ ಕೋಶಗಳನ್ನೂ ದೊಡ್ಡವರ ಮಿದುಳಿನಲ್ಲಿ ಕಂಡೆವು ಅಂತ ಬರೆಯಿತು.

ನಾನು ಹುಟ್ಟಿದ್ದು 1961ರಲ್ಲಿ. ನನ್ನ ತಲೆಯಲ್ಲಿ ಆ ಗಡಿಯಾರ ಚೆನ್ನಾಗಿಯೇ ಇದೆ. ಅಣ್ಣನ ತಲೆಯಲ್ಲೂ ಇದೆ, ನೆನಪು ಇಲ್ಲದಿದ್ದರೂ. ಈಗ ಗಾಳಿಯಲ್ಲಿ ಆ ಗುರುತು ಅಳಿಸಿಹೋಗುತ್ತಿದೆ. ಕಲ್ಲಿದ್ದಲು, ಪೆಟ್ರೋಲು ಎಷ್ಟು ಹಳೇದು ಅಂದರೆ ಅವುಗಳಲ್ಲಿ ಇಂಗಾಲ-14 ಒಂದಿಷ್ಟೂ ಉಳಿದಿಲ್ಲ. ಅವುಗಳ ಹೊಗೆ ಗಾಳಿಯಲ್ಲಿರುವುದನ್ನು ತೆಳುಮಾಡುತ್ತಲೇ ಬಂದಿದೆ. ಬಾಂಬ್ ಕಾಲದ ಆ ಏರು ಈಗ ಹೆಚ್ಚು ಕಡಿಮೆ ಪೂರ್ತಿ ಇಳಿದಿದೆ. ನಿನಗೆ ಸ್ವಲ್ಪ ಸಿಕ್ಕಿರಬೇಕು. ನಿನ್ನ ಮಕ್ಕಳ ಕೋಶಕ್ಕೆ ವಯಸ್ಸು ಹೇಳಲು ಯಾರಾದರೂ ಬೇರೆ ಏನನ್ನಾದರೂ ಹುಡುಕಬೇಕು. ನೀನೇ ಹುಡುಕುತ್ತೀಯೋ ಏನೋ.

ಸದ್ಯಕ್ಕೆ ದೊಡ್ಡಮ್ಮನಿಗೆ ಒಂದು ಫೋನ್ ಮಾಡು. ಸುದ್ದಿಯ ವಿಷಯ ಎತ್ತಬೇಡ.

ಇತಿ,
ನಿನ್ನ ಅತ್ತೆ