ಕಾರ್ಡ್‌ನಲ್ಲಿ ಮಂಕಾದದ್ದೇ ಗೋಡೆಯ ಮೇಲೆ ಹೊನ್ನು

ಮಾನ್ಯರೇ,

ಒಳಾಂಗಣ ಅಲಂಕಾರದ ಬರಹಗಳ ಜೊತೆ ಹೊಂಬಣ್ಣದ ಗೋಡೆಯ ಚಿತ್ರಗಳು ಅಚ್ಚಾಗುತ್ತಲೇ ಇರುತ್ತವೆ. ಆ ಕೋಣೆಗೆ ಬಿಸಿಲು ಬೀಳುತ್ತದೆಯೇ, ಯಾವ ಬಲ್ಬ್ ಉರಿಯುತ್ತಿತ್ತು, ಎಷ್ಟು ಕೋಟ್ ಬಳಿದರು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಹಳದಿಯಷ್ಟು ಮೋಸ ಮಾಡುವ ಬಣ್ಣ ಕಡಿಮೆ. ಅದಕ್ಕೇ ಈ ಪತ್ರ.

ಶೇಡ್ ಕಾರ್ಡ್‌ನ ಎರಡಂಗುಲದ ಚೌಕದಲ್ಲಿ ಜೇನಿನಂತೆ ಕಂಡದ್ದು ನಾಲ್ಕು ಗೋಡೆಗೂ ಬಳಿದಾಗ ಮೊಟ್ಟೆಯೊಳಗಿನ ಹಳದಿಯಂತಾಗುತ್ತದೆ. ಒಂದು ಗೋಡೆಗೆ ತಾಗಿದ ಬೆಳಕು ಎದುರಿನ ಗೋಡೆಗೆ ಹೋಗಿ ಮರಳುವಾಗ ಪ್ರತಿ ಸಲವೂ ಅದರ ನೀಲಿ ಅಂಶವನ್ನು ಹಳದಿ ನುಂಗುತ್ತದೆ. ಉಳಿಯುವುದು ಇನ್ನಷ್ಟು ಹಳದಿ. ಹಾಗಾಗಿ ಮೆಚ್ಚಿದ ಶೇಡ್‌ಗಿಂತ ಎರಡು ಮೆಟ್ಟಿಲು ತಿಳಿಯಾದದ್ದನ್ನು ಆರಿಸಬೇಕು. ಕಾರ್ಡ್‌ನಲ್ಲಿ ತುಸು ಮಂಕು, ಮಣ್ಣುಮಣ್ಣು ಅನ್ನಿಸಿದ್ದೇ ಗೋಡೆಯ ಮೇಲೆ ಹೊನ್ನಾಗುತ್ತದೆ. ಕಾರ್ಡ್‌ನ ಹಿಂಬದಿಯಲ್ಲಿ ಎಲ್‌ಆರ್‌ವಿ ಎಂಬ ಸಂಖ್ಯೆ ಇದ್ದರೆ ನೋಡಿ. ಬಣ್ಣ ಎಷ್ಟು ಬೆಳಕನ್ನು ಹಿಂತಿರುಗಿಸುತ್ತದೆ ಎಂಬುದನ್ನು ಅದು 0ಯಿಂದ 100ರವರೆಗೆ ಹೇಳುತ್ತದೆ. ನಾಲ್ಕೂ ಗೋಡೆಗಾದರೆ 60–70ರ ನಡುವಿನದು ಸಾಕು. 50ಕ್ಕಿಂತ ಕೆಳಗಿನ ಗಾಢ ಹೊನ್ನು ಒಂದೇ ಗೋಡೆಗೆ ಚೆನ್ನ.

ಇನ್ನು ಹಸಿರಿನ ಕಾಟ. ಹಳದಿಗೆ ಕಪ್ಪು ಬೆರೆತರೆ ಬರುವುದು ಆಲಿವ್ ಹಸಿರು. ಯಾವ ಯಾವ ಬಣ್ಣ ಬೆರೆಸಿದ್ದಾರೆಂದು ತಿಳಿಸಲು ಡಬ್ಬಿಗೆ ಅಂಟಿಸುವ ಟಿಂಟಿಂಗ್ ಚೀಟಿಯಲ್ಲಿ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್ ಇದ್ದರೆ ನೆರಳಲ್ಲೂ ಬೆಚ್ಚಗೆ ಉಳಿಯುತ್ತದೆ. ಕೆಂಪೇ ಇಲ್ಲದೆ ಹೊಳಪಿನ ಹಳದಿಯೂ ಕಪ್ಪೂ ಮಾತ್ರ ಇದ್ದರೆ ನೇರ ಬಿಸಿಲು ಬೀಳದ ಕೋಣೆಯಲ್ಲಿ ಹಸಿರಾಗುತ್ತದೆ, ಏಕೆಂದರೆ ಅಲ್ಲಿಗೆ ಬರುವುದು ಆಕಾಶದ ನೀಲಿ ಬೆಳಕು. 6500 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ) ನೀಲಿಮಿಶ್ರಿತ ಬಿಳಿ ಬಲ್ಬ್ ಮಾಡುವುದೂ ಇದನ್ನೇ. 2700–3000 ಕೆಲ್ವಿನ್‌ನ ಬೆಚ್ಚನೆ ಹಳದಿ ಬೆಳಕಿನ ಬಲ್ಬ್ ಹಾಕಿದರೆ ಅದೇ ಗೋಡೆ ಕಿತ್ತಳೆಯತ್ತ ವಾಲುತ್ತದೆ. ಬಲ್ಬ್ ಮೊದಲು ತೀರ್ಮಾನವಾಗಲಿ, ಬಣ್ಣ ಆಮೇಲೆ.

ಮಾದರಿಯನ್ನು ಹಳೆಯ ಗೋಡೆಯ ಮೇಲೆ ಬಳಿದು ನೋಡುವುದು ವ್ಯರ್ಥ. ಸುತ್ತಲಿನ ಹಳೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಎರಡಡಿ ಚೌಕದ ಹಲಗೆಗೆ ಪ್ರೈಮರ್ ಹೊಡೆದು, ಸುತ್ತ ಒಂದಂಗುಲ ಬಿಳಿ ಅಂಚು ಬಿಟ್ಟು ಎರಡು ಕೋಟ್ ಬಳಿಯಿರಿ. ಎಮಲ್ಷನ್ ಹಸಿಯಿದ್ದಾಗ ತಿಳಿ, ಒಣಗಿದ ಮೇಲೆ ಗಾಢ. ಆದ್ದರಿಂದ ಒಂದು ದಿನ ಒಣಗಲು ಬಿಡಿ. ಆಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ಬೇರೆ ಬೇರೆ ಗೋಡೆಗೆ ನಿಲ್ಲಿಸಿ ನೋಡಿ. ನೆಲದ ಮೇಲೆ ಮಲಗಿಸಿ ನೋಡಿದರೆ ಬೆಳಕು ಬೀಳುವ ರೀತಿಯೇ ಬೇರೆ.

ಎರಡು ಕೋಟ್ ಸಾಕೆನ್ನುವ ಲೆಕ್ಕ ಹೆಚ್ಚಾಗಿ ಕೈಕೊಡುವುದು ಹೊಂಬಣ್ಣದಲ್ಲೇ. ಗಾಢ ಹಳದಿಯ ಬೇಸ್‌ನಲ್ಲಿ, ಅಂದರೆ ಬಣ್ಣ ಬೆರೆಸುವ ಮೂಲ ಪೇಂಟ್‌ನಲ್ಲಿ, ಹಿಂಬದಿಯನ್ನು ಮರೆಮಾಚುವ ಬಿಳಿ ಪುಡಿ ಟೈಟಾನಿಯಂ ಡೈಆಕ್ಸೈಡ್ ಕಡಿಮೆ, ಹೀಗಾಗಿ ಪುಟ್ಟಿಯ ತೇಪೆ, ರೋಲರ್ ಗೆರೆ ಎಲ್ಲ ಇಣುಕುತ್ತವೆ. ಪ್ರೈಮರ್‌ಗೇ ತುಸು ಹಳದಿ ಬೆರೆಸಿಕೊಂಡರೆ ಒಂದು ಕೋಟ್ ಉಳಿಯಬಹುದು. 10×12 ಅಡಿಯ, 10 ಅಡಿ ಎತ್ತರದ ಕೋಣೆಯ ಗೋಡೆ 440 ಚದರಡಿ. ಒಂದು ಬಾಗಿಲು, ಎರಡು ಕಿಟಕಿ ಕಳೆದರೆ ಸುಮಾರು 387. ಲೀಟರಿಗೆ ಒಂದು ಕೋಟ್‌ನಲ್ಲಿ 110 ಚದರಡಿ ಎಂದರೆ ಮೂರು ಕೋಟ್‌ಗೆ ಹತ್ತೂವರೆ ಲೀಟರ್. ಪೂರ್ತಿ ಒಮ್ಮೆಲೇ ತರಿಸಿ, ದೊಡ್ಡ ಬಕೆಟ್‌ನಲ್ಲಿ ಎಲ್ಲ ಡಬ್ಬಿಗಳನ್ನೂ ಬೆರೆಸಿಕೊಳ್ಳಿ. ಡಬ್ಬಿಯಿಂದ ಡಬ್ಬಿಗೆ ಇರುವ ಕೂದಲೆಳೆಯ ವ್ಯತ್ಯಾಸವೂ ಗೋಡೆಯ ನಡುವೆ ಕಾಣುತ್ತದೆ. ಹೊಳಪಿನ ಫಿನಿಶ್ ಬೇಡ, ಮ್ಯಾಟ್ ಇರಲಿ.

ಜೋಡಿ ಬಣ್ಣದಲ್ಲಿ ಜನ ಎಡವುವುದು ಬಿಳಿಯಲ್ಲಿ. ನೀಲಿ ಛಾಯೆಯ ಅಚ್ಚಬಿಳಿ ಪಕ್ಕದಲ್ಲಿದ್ದರೆ ಹೊನ್ನು ಕೊಳೆಯಾದಂತೆ ಕಾಣುತ್ತದೆ. ಚೌಕಟ್ಟಿಗೆ, ಚಾವಣಿಗೆ ಕೆನೆಬಿಳಿಯೇ ಸರಿ. ಪರದೆ, ದಿಂಬುಗಳಿಗೆ ಬೂದುಮಿಶ್ರಿತ ನೀಲಿ ಅಥವಾ ಗಾಢ ಇಂಡಿಗೊ ಒಪ್ಪುತ್ತದೆ, ಆದರೆ ಕೋಣೆಯ ಹತ್ತನೇ ಒಂದು ಭಾಗ ಮೀರದಿರಲಿ. ನೇರಳೆ ಹಳದಿಗೆ ಎದುರು ಬಣ್ಣ ಎಂದು ಪುಸ್ತಕ ಹೇಳುತ್ತದೆ, ನಿಜ. ದೊಡ್ಡ ಪ್ರಮಾಣದಲ್ಲಿ ಕಣ್ಣಿಗೆ ಚುಚ್ಚುತ್ತದೆ ಎಂಬುದೂ ಅಷ್ಟೇ ನಿಜ. ಕೆಂಪುಛಾಯೆಯ ಮರದ ಪೀಠೋಪಕರಣ ಕಿತ್ತಳೆಗೆ ವಾಲಿದ ಗೋಡೆಯಲ್ಲಿ ಕರಗಿಹೋಗುತ್ತದೆ. ಅಲ್ಲಿಗೆ ತಿಳಿಯಾದ ಗೋಧಿ ಬಣ್ಣ ಲೇಸು.

ಕೆಲಸ ಮುಗಿದ ಮೇಲೆ ಅರ್ಧ ಲೀಟರ್ ಬಣ್ಣ ಗಾಳಿಯಾಡದ ಡಬ್ಬಿಯಲ್ಲಿರಲಿ. ಆದರೆ ಕಲೆಯಾದ ಜಾಗಕ್ಕಷ್ಟೇ ಬಳಿದರೆ ಹಳದಿಯಲ್ಲಿ ತೇಪೆ ಎದ್ದು ಕಾಣುತ್ತದೆ. ಬಳಿಯುವುದಾದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಗೇ ಬಳಿಯಬೇಕು.

— ಓದುಗರೊಬ್ಬರು