ಅಕೇಶಿಯಾ ಕಡಿಯಿರಿ, ಅಡಿಯ ಸಸಿಗಳನ್ನು ಬಿಡಿ

ಮಾನ್ಯ ಸಂಪಾದಕರೇ,

ಕಾರ್ಕಳ ಕಡೆಯ ನಮ್ಮ ಊರಿನಲ್ಲಿ ರಸ್ತೆಯ ಈಚೆ ಹಾಡಿ, ಅಂದರೆ ತಾನಾಗಿ ಬೆಳೆದ ಊರ ಕಾಡು; ಆಚೆ ಅಕೇಶಿಯಾ ನೆಡುತೋಪು. ಲೆಕ್ಕದಲ್ಲಿ ಎರಡೂ ಒಂದೇ. ಒಂದು ಹೆಕ್ಟೇರ್ ಜಾಗದಲ್ಲಿ ಶೇ 10ಕ್ಕಿಂತ ಜಾಸ್ತಿ ಮರದ ನೆರಳಿದ್ದರೆ ಭಾರತೀಯ ಅರಣ್ಯ ಸಮೀಕ್ಷೆಯವರು ಅದನ್ನು ಅರಣ್ಯ ಹೊದಿಕೆ ಎಂದೇ ಬರೆಯುತ್ತಾರೆ. ಮರ ಯಾವುದು, ಜಾಗ ಯಾರದ್ದು ಎಂದು ಕೇಳುವುದಿಲ್ಲ.

ಮಳೆ ಹಿಡಿದ ಕೂಡಲೇ ನಾವು ಹೆಂಗಸರು ಬುಟ್ಟಿ ಹಿಡಿದು ಹೋಗುವುದು ಮಾತ್ರ ಹಾಡಿಗೆ. ಬೋಗಿ ಮರದ ಬುಡದಲ್ಲಿ ತರಗೆಲೆ ಸರಿಸಿ ಮಣ್ಣು ಕೆದಕಿದರೆ ಗೋಲಿಯಂಥ ಕಲ್ಲಣಬೆ ಸಿಗುತ್ತದೆ. ಕೊಯ್ದಾಗ ಒಳಗೆ ಬಿಳಿಯಿದ್ದರೆ ಗಸಿಗೆ, ಕಪ್ಪಾಗಿದ್ದರೆ ಬಿಸಾಡುವುದು. ಮರದ ಬೇರಿನ ಜತೆ ಕೂಡಿಕೊಂಡೇ ಬದುಕುವ ಅಣಬೆ ಅದು. ಬೈಹುಲ್ಲಿನಲ್ಲಿ ಬೆಳೆಸಲಿಕ್ಕೆ ಆಗುವುದಿಲ್ಲ, ಅದಕ್ಕೇ ಪೇಟೆಯಲ್ಲಿ ಆ ರೇಟು! ಅದೇ ಹಾಡಿಯಲ್ಲಿ ಪುನರ್ಪುಳಿ, ಕುಂಟಾಲ, ಹೆಬ್ಬಲಸು, ರಾಮಪತ್ರೆ ಎಲ್ಲಾ ಇವೆ. ರಾಮಪತ್ರೆ ಕಾಯಿ ಒಡೆಯುವಾಗ ಮಂಗಟ್ಟೆ ಹಕ್ಕಿ ಹಾಜರು.

ಆಚೆಯದ್ದು ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಮರ. ಎಲ್ಲದಕ್ಕೂ ಒಂದೇ ವಯಸ್ಸು. ನೆಲದಲ್ಲಿ ಬೇಗ ಕರಗದ ದಪ್ಪ ತರಗು. ಹಾಗಂತ ನಾನು ಸುಮ್ನೆ ಬೈಯುವುದಿಲ್ಲ. ನಮ್ಮ ಬಚ್ಚಲೊಲೆಗೆ ಅದರದ್ದೇ ಸೌದೆ. ಬೋಳು ಮುರಕಲ್ಲಿನ ಗುಡ್ಡೆಯಲ್ಲಿ ಅಷ್ಟು ಬೇಗ ಏಳುವ ಮರವೂ ಕಡಿಮೆ.

ಆದರೆ ಹಳೆಯ ನೆಡುತೋಪಿನಲ್ಲಿ ಹಾಡಿಗೆ ತಾಗಿದ ಕಡೆ ಒಮ್ಮೆ ಬಗ್ಗಿ ನೋಡಿ. ಹಕ್ಕಿ, ಬಾವಲಿಗಳು ಹಾಕಿದ ಬೀಜದಿಂದ ನೇರಳೆ ಎದ್ದಿರುತ್ತದೆ, ಪುನರ್ಪುಳಿ ಕೆಂಪಗೆ ಚಿಗುರಿರುತ್ತದೆ. ಹಾಡಿಯಿಂದ ದೂರ ಹೋದಷ್ಟೂ ಇವು ಕಡಿಮೆ. ನಮ್ಮಲ್ಲಿ ಕಳೆದ ಸಲ ಮರ ಹರಾಜಾದಾಗ ಜೆಸಿಬಿ ಬಂದು ಇವನ್ನೆಲ್ಲಾ ಬೇರು ಸಮೇತ ಎಳೆದುಹಾಕಿತು. ಆಮೇಲೆ ವನಮಹೋತ್ಸವಕ್ಕೆ ನರ್ಸರಿಯಿಂದ ತಂದು ನೆಟ್ಟದ್ದೂ ಅದೇ ನೇರಳೆ, ಪುನರ್ಪುಳಿ! ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಂದರೆ ಮಾತ್ರ ಸಸಿ ಅಂತ ಲೆಕ್ಕವೋ ಏನೋ.

ಕಡಿಯುವ ಗುತ್ತಿಗೆಯಲ್ಲೇ ಷರತ್ತು ಹಾಕಲಿ. ಊರ ಜಾತಿಯ ಸಸಿಗಳಿಗೆ ಮೊದಲೇ ಬಣ್ಣದ ಪಟ್ಟಿ ಕಟ್ಟಬೇಕು. ಹಾಡಿಗೆ ತಾಗಿದ ಕಡೆ ಜೆಸಿಬಿ ಇಳಿಯಬಾರದು. ಕಡಿದ ಮೇಲೆ ಅಕೇಶಿಯಾ ಬೀಜ ಮತ್ತೆ ಹುಟ್ಟುತ್ತದೆ, ಅದನ್ನು ಎರಡು ಮಳೆಗಾಲ ಕಿತ್ತುಹಾಕಬೇಕು. ಯಾವ ಸಸಿ ಯಾವುದೆಂದು ಗೊತ್ತಾಗದಿದ್ದರೆ ಕಲ್ಲಣಬೆ ಹೆಕ್ಕುವವರನ್ನು ಕರೆದುಕೊಂಡು ಹೋಗಿ. ಅರ್ಧ ದಿನದ ಕೂಲಿ ಕೊಟ್ಟರೆ ಸಾಕು, ಎಲೆ ನೋಡಿಯೇ ಹೇಳುತ್ತಾರೆ.

– ಓದುಗಳು, ಕಾರ್ಕಳ ತಾಲೂಕು