ಯುದ್ಧದ ಹೆಸರಲ್ಲಿ ಸೋಫಾ ಮಾರುವುದು ನಿಲ್ಲಲಿ: ನಮ್ಮ ವಾರ್ಡಿನ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಮ್ಮ ಓಣಿ ಸೇಡಂ ರಸ್ತೆಗೆ ಕೂಡುವ ಮೂಲೆಯಲ್ಲಿ ಕಟ್ಟಿರುವ ಆ ಫ್ಲೆಕ್ಸನ್ನು ತಾವು ನೋಡಿಲ್ಲ ಎನ್ನುವಂತಿಲ್ಲ. ತಮ್ಮ ಗಾಡಿ ಅದರ ಕೆಳಗೇ ತಿರುಗುತ್ತದೆ. ಬೆಂಕಿ, ಹೊಗೆ, ನಡುವೆ ಮೊಣಕಾಲೂರಿ ಬಂದೂಕು ಹಿಡಿದ ಒಬ್ಬ ಯೋಧ, ಅವನ ಬೆನ್ನಿಗೆ ಸೋಫಾ ಸೆಟ್ಟು, ಡಬಲ್ ಕಾಟು. ಮೇಲೆ ದಪ್ಪ ಅಕ್ಷರದಲ್ಲಿ ‘ಬೆಲೆಗಳ ಮೇಲೆ ಸರ್ಜಿಕಲ್ ಸ್ಟ್ರೈಕ್’. ಇದನ್ನು ಇಳಿಸಿ ಎಂದು ಬಾಯಿಂದ ಕೇಳಿದ್ದೇನೆ, ಅರ್ಜಿ ಕೊಟ್ಟು ಕೇಳಿದ್ದೇನೆ. ಈಗ ಊರೆಲ್ಲ ಓದುವ ಹಾಗೆ ಬರೆದು ಕೇಳುತ್ತಿದ್ದೇನೆ. ದಯವಿಟ್ಟು ಇಳಿಸಿ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನನ್ನ ಮಗ ಸೈನ್ಯದಲ್ಲಿದ್ದಾನೆ. ಆದ್ದರಿಂದ ಆ ಚಿತ್ರದಲ್ಲಿ ಉಳಿದವರಿಗೆ ಕಾಣದ್ದು ನನಗೆ ಕಾಣುತ್ತದೆ. ಆ ಯೋಧನ ಹೆಲ್ಮೆಟ್ ನಮ್ಮದಲ್ಲ, ಸಮವಸ್ತ್ರ ನಮ್ಮದಲ್ಲ, ತೋಳಿನ ಮೇಲೆ ಹೊಲಿದಿರುವ ಬಾವುಟವೂ ನಮ್ಮದಲ್ಲ. ಯಾವುದೋ ದೇಶದ ಸಿಪಾಯಿಯ ಫೋಟೊ ಇಳಿಸಿಕೊಂಡು, ಕೆಳಗೆ ‘ಜೈ ಜವಾನ್’ ಎಂದು ಬರೆದು, ಅದರ ಪಕ್ಕ ಕಂತಿನ ದರ ಹಾಕಿದ್ದಾರೆ. ನಮ್ಮ ಜವಾನನ ಮೇಲೆ ಅಷ್ಟೊಂದು ಅಭಿಮಾನ ಇದ್ದವರಿಗೆ ಅವನ ಬಟ್ಟೆ ಯಾವುದು ಎಂದು ನೋಡುವಷ್ಟು ಪುರುಸೊತ್ತು ಇರಲಿಲ್ಲ.

ಆದರೂ ಬರೀ ಫ್ಲೆಕ್ಸ್ ಆಗಿದ್ದರೆ ತಲೆ ತಗ್ಗಿಸಿ ಹೋಗುತ್ತಿದ್ದೆನೇನೋ. 2025ರ ಮೇ ತಿಂಗಳಲ್ಲಿ ನಡೆದದ್ದನ್ನು ಮಾತ್ರ ನುಂಗಿಕೊಳ್ಳಲು ಆಗುತ್ತಿಲ್ಲ.

ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಮೇ 7ರ ನಸುಕಿನಲ್ಲಿ ಪಾಕಿಸ್ತಾನದ ಮೇಲೆ ನಮ್ಮ ಸೇನೆಯ ದಾಳಿ, ಆಪರೇಷನ್ ಸಿಂಧೂರ, ಶುರುವಾಯಿತು. ಆ ದಿನಗಳಲ್ಲಿ ಮಗನ ಫೋನ್ ಹತ್ತುತ್ತಿರಲಿಲ್ಲ. ಎಲ್ಲಿದ್ದಾನೆ, ಉಂಡನೋ ಇಲ್ಲವೋ, ಏನೂ ಗೊತ್ತಿಲ್ಲ. ಟಿವಿ ಹಚ್ಚಿದರೆ ಸೈರನ್, ಬ್ಲ್ಯಾಕ್‌ಔಟ್, ದೀಪ ಆರಿಸಿ ಎನ್ನುವ ಸೂಚನೆ. ಅಣಕು ಕವಾಯತಿನ ಪಟ್ಟಿಯಲ್ಲಿ ನಮ್ಮ ಪಕ್ಕದ ರಾಯಚೂರಿನ ಹೆಸರೂ ಇತ್ತು. ಸೊಸೆ ನಮ್ಮ ಮನೆಯಲ್ಲೇ ಇದ್ದಳು. ರಾತ್ರಿ ಎದ್ದೆದ್ದು ಮೊಬೈಲ್ ನೋಡುತ್ತಿದ್ದಳು. ‘ಅತ್ತಿ, ಫೋನ್ ಹತ್ತವಲ್ದು’ ಎನ್ನುವುದು ಬಿಟ್ಟರೆ ಅವಳಿಗೆ ಬೇರೆ ಮಾತೇ ಇರಲಿಲ್ಲ.

ಅಂಥದ್ದರಲ್ಲಿ ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತ ಕೂತಿದ್ದಳು. ಓಣಿಯ ಆ ತುದಿಯಿಂದ ಸೈರನ್ ಕೇಳಿಸಿತು. ಟಿವಿಯಲ್ಲಿ ಕೇಳಿದ ಅದೇ ಏರಿ ಇಳಿಯುವ ಕೂಗು. ಹಿಂದೆಯೇ ಮೈಕಿನಲ್ಲಿ ಒಂದು ಗಂಡು ದನಿ: ‘ಯುದ್ಧ ಶುರುವಾಗಿದೆ! ನಾಗರಿಕರೇ, ಯುದ್ಧ ಶುರುವಾಗಿದೆ!’ ಮತ್ತೆ ಸೈರನ್. ಸೊಸೆ ಹಿಟ್ಟಿನ ಕೈಯಲ್ಲೇ ಎದ್ದು ಒಳಗೋಡಿ ಮಗುವನ್ನು ಎತ್ತಿಕೊಂಡಳು. ದೀಪದ ಸ್ವಿಚ್ ಆರಿಸಿದಳು, ಬೆಳಗಿನ ಹೊತ್ತು ಎನ್ನುವ ಎಚ್ಚರವೂ ಇಲ್ಲದೆ. ನಾನು ಬಾಗಿಲಿಗೆ ಹೋದೆ. ಬಾಗಿಲಿನಿಂದ ಹಿಂದೆ ತಿರುಗಿ ನೋಡಿದಾಗ ಅವಳು ಗೋಡೆ ಹಿಡಿದು ಕುಸಿದು ಕೂತಿದ್ದಳು, ಮಗು ಚೀರುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

ಆಟೊ ತಿರುವು ದಾಟಿ ನಮ್ಮ ಮನೆ ಮುಂದೆ ಬಂದಾಗ ಉಳಿದ ಮಾತು ಕೇಳಿಸಿತು: ‘ದುಬಾರಿ ಬೆಲೆಗಳ ವಿರುದ್ಧ ಯುದ್ಧ! ಯಾವುದೇ ಸೋಫಾ ಕೊಳ್ಳಿ, ಟೀಪಾಯಿ ಉಚಿತ!’

ಸದಸ್ಯರೇ, ಆ ಎರಡು ಮಾತುಗಳ ನಡುವೆ ಆಟೊ ಒಂದು ತಿರುವು ದಾಟುವಷ್ಟು ಹೊತ್ತು ಇತ್ತು. ಅಷ್ಟು ಹೊತ್ತಿನಲ್ಲಿ ನನ್ನ ಸೊಸೆ ವಿಧವೆಯಾಗಿ ಬಿಟ್ಟಿದ್ದಳು. ಆಮೇಲೆ ಮಗನ ಫೋನ್ ಬಂತು, ದೇವರ ದಯೆ. ಆದರೆ ಈಗಲೂ ಓಣಿಯಲ್ಲಿ ಯಾವ ಮೈಕ್ ಶುರುವಾದರೂ, ಕಸದ ಗಾಡಿಯದೇ ಇರಲಿ, ಅವಳ ಕೈ ನಿಲ್ಲುತ್ತದೆ. ಇದಕ್ಕೆ ಯಾರು ಜವಾಬ್ದಾರಿ?

ಅಂಗಡಿಗೆ ಹೋಗಿ ಕೇಳಿದೆ. ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದ ಹುಡುಗ ಎದ್ದು ನಿಂತೇ ಮಾತಾಡಿದ, ಅಷ್ಟು ಮರ್ಯಾದೆ ಇತ್ತು ಅವನಿಗೆ. ‘ಅಕ್ಕೋರ, ಇದು ದೇಶಭಕ್ತಿ ಅದರಿ. ಇದ್ರಾಗ ತಪ್ಪೇನದ?’ ಎಂದ. ಅವನಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ. ದೇಶಭಕ್ತಿ ಇದ್ದರೆ ಮಾಜಿ ಸೈನಿಕರಿಗೆ ರಿಯಾಯಿತಿ ಕೊಡಲಿ, ಅವರ ಮನೆ ಮಕ್ಕಳ ಫೀಸು ಕಟ್ಟಲಿ, ಕೈಮುಗಿಯುತ್ತೇನೆ. ಜನರ ಹೆದರಿಕೆಯನ್ನು ಮೈಕಿನಲ್ಲಿ ಕೂಗಿ ಮಂಚ ಮಾರುವುದಕ್ಕೆ ಆ ಹೆಸರು ಕೊಡಬೇಡಿ.

ನಿಯಮ ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬಯಲು ಜಾಗಗಳ ಅಂದಗೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆ ತಮಗೆ ಗೊತ್ತಿದೆ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸ್, ಬ್ಯಾನರ್‌ಗಳನ್ನೂ ಸೇರಿಸಿತ್ತು, ಅದೂ ಗೊತ್ತಿದೆ. ಮೈಕಿಗೆ ಅನುಮತಿ ಬೇಕೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಸೈರನ್ ವಿಷಯವಂತೂ ಅದೇ 2025ರ ಮೇ ತಿಂಗಳಲ್ಲೇ ತೀರ್ಮಾನವಾಗಿದೆ. ಜಾಗೃತಿ ಕಾರ್ಯಕ್ರಮ ಬಿಟ್ಟು ಬೇರೆಲ್ಲೂ ನಾಗರಿಕ ರಕ್ಷಣೆಯ ಸೈರನ್ ಸದ್ದು ಬಳಸಬೇಡಿ, ಪದೇ ಪದೇ ಕೇಳಿದರೆ ನಿಜವಾದ ದಾಳಿಯ ದಿನ ಜನ ಉದಾಸೀನ ಮಾಡುತ್ತಾರೆ ಎಂದು ಕೇಂದ್ರದ ನಾಗರಿಕ ರಕ್ಷಣಾ ಮಹಾನಿರ್ದೇಶನಾಲಯ ಎಲ್ಲ ಮಾಧ್ಯಮಗಳಿಗೆ ಸೂಚಿಸಿತು. ಟಿವಿ ಚಾನೆಲ್ಲಿಗೆ ಬೇಡವಾದದ್ದು ನಮ್ಮ ಓಣಿಯ ಆಟೊಗೆ ಬೇಕೇ?

ಇನ್ನೊಂದು ಸಂಗತಿ. ‘ಆಪರೇಷನ್ ಸಿಂಧೂರ’ ಎನ್ನುವ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಮೇ 7ರಂದೇ ಅರ್ಜಿಗಳು ಬಿದ್ದವು. ರಿಲಯನ್ಸ್‌ನ ಜಿಯೊ ಸ್ಟುಡಿಯೋಸ್ ಕೂಡ ಹಾಕಿತ್ತು. ಜನ ಛೀ ಎಂದರು. ಕಿರಿಯ ನೌಕರನೊಬ್ಬ ಅನುಮತಿಯಿಲ್ಲದೆ ಹಾಕಿದ್ದು ಎಂದು ಹೇಳಿ ಕಂಪನಿ ಮರುದಿನವೇ ಹಿಂತೆಗೆದುಕೊಂಡಿತು. ಅಷ್ಟು ದೊಡ್ಡ ಕಂಪನಿ ಒಂದು ದಿನದಲ್ಲಿ ಹಿಂದೆ ಸರಿಯಿತು. ನಮ್ಮ ಮೂಲೆಯ ಒಂದು ಫ್ಲೆಕ್ಸ್ ಇಳಿಯುತ್ತಿಲ್ಲ. ಬಿಸಿಲಿಗೆ ಬಣ್ಣ ಹೋದರೆ ಹೊಸದಾಗಿ ಪ್ರಿಂಟ್ ಹಾಕಿಸಿ ಮತ್ತೆ ಅದೇ ಕಂಬಕ್ಕೆ ತಂತಿಯಿಂದ ಬಿಗಿಯುತ್ತಾರೆ.

ಅದನ್ನು ನೋಡಿ ಬೇರೆಯವರೂ ಕಲಿತರು. ಬೀದರ್ ವಾಯುನೆಲೆಯ ಸೂರ್ಯಕಿರಣ ಎಂಬ ವೈಮಾನಿಕ ಪ್ರದರ್ಶನ ತಂಡದ ವಿಮಾನಗಳ ಚಿತ್ರ ಈಗ ಮೊಬೈಲ್ ಅಂಗಡಿಯ ಬ್ಯಾನರಿನಲ್ಲಿದೆ. 2019ರ ಫೆಬ್ರುವರಿ 19ರಂದು ಯಲಹಂಕದಲ್ಲಿ ತಾಲೀಮು ನಡೆಸುವಾಗ ಆ ತಂಡದ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಇಯರ್‌ಫೋನ್ ಮಾರುವವರಿಗೆ ಅದರ ನೆನಪು ಯಾಕೆ ಇರಬೇಕು?

ಹೇಳಲೇಬೇಕು, ತಮ್ಮ ಹುಟ್ಟುಹಬ್ಬದ ಬ್ಯಾನರಿನಲ್ಲೂ ಯುದ್ಧವಿಮಾನ ಹಾರುತ್ತಿತ್ತು. ಪ್ರಚಾರದಲ್ಲಿ ಸೈನಿಕರ ಫೋಟೊ ಬಳಸಬೇಡಿ ಎಂದು ಚುನಾವಣಾ ಆಯೋಗ 2013ರಲ್ಲಿ ಎಲ್ಲ ಪಕ್ಷಗಳಿಗೆ ಹೇಳಿ, 2019ರ ಮಾರ್ಚಿನಲ್ಲಿ ಮತ್ತೊಮ್ಮೆ ಹೇಳಿದೆ. ಅದು ಚುನಾವಣೆಯ ಮಾತು, ಹುಟ್ಟುಹಬ್ಬಕ್ಕೆ ಲೆಕ್ಕಕ್ಕಿಲ್ಲ ಎಂದು ತಮ್ಮ ಹುಡುಗರು ವಾದಿಸಬಹುದು. ತಾವು ವಾದಿಸಬೇಡಿ. ತಾವೇ ಹಾಕಿಸಿಕೊಂಡ ಮೇಲೆ ಅಂಗಡಿಯವನಿಗೆ ಯಾವ ಬಾಯಿಂದ ಹೇಳುತ್ತೀರಿ?

ನಮ್ಮ ಕಡೆಯ ಜನಕ್ಕೆ ಬಂದೂಕು ಹೊಸದಲ್ಲ. 1948ರಲ್ಲಿ ನಿಜಾಮನ ಪರ ನಿಂತ ರಜಾಕಾರ ಪಡೆಯ ಹಾವಳಿ ಕಂಡವರು ನಾವು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಅವರು ನಡೆಸಿದ ಹತ್ಯಾಕಾಂಡದಲ್ಲಿ ಏನಾಯಿತು ಎಂದು ನಮ್ಮ ಹಿರಿಯರು ಜೋರು ದನಿಯಲ್ಲಿ ಹೇಳುತ್ತಿರಲಿಲ್ಲ. ಸೆಪ್ಟೆಂಬರ್ 13ಕ್ಕೆ ಸೈನ್ಯ ಬಂತು, 17ಕ್ಕೆ ಹೈದರಾಬಾದ್ ಶರಣಾಯಿತು. ಪ್ರತಿ ವರ್ಷ ಆ ದಿನ ಧ್ವಜ ಹಾರಿಸಿ ತಾವೂ ಭಾಷಣ ಮಾಡುತ್ತೀರಿ. ಈ ಊರಲ್ಲಿ ನಿಂತು ಯುದ್ಧವನ್ನು ಮಾರಾಟದ ಸರಕು ಮಾಡಲು ಬಿಡಬಾರದು ಎಂದು ತಮಗೇ ಅನ್ನಿಸಬೇಕಿತ್ತು.

ನಾನು ಕೇಳುವುದು ಹೆಚ್ಚೇನಿಲ್ಲ. ಮೂಲೆಯ ಫ್ಲೆಕ್ಸ್ ಇಳಿಸಿ. ಮಾರಾಟದ ಗಾಡಿಗಳಲ್ಲಿ ಸೈರನ್ ಹಾಕುವುದನ್ನು ನಿಲ್ಲಿಸಿ. ಸೈನಿಕರ, ಬಂದೂಕಿನ, ಬಾಂಬಿನ ಚಿತ್ರವಿರುವ ವ್ಯಾಪಾರಿ ಜಾಹೀರಾತಿಗೆ ಅನುಮತಿ ಕೊಡಬಾರದು ಎಂದು ಪಾಲಿಕೆಯ ಮುಂದಿನ ಸಾಮಾನ್ಯ ಸಭೆಯಲ್ಲಿ ಠರಾವಿಗೆ ಇಡಿ. ಜಾಹೀರಾತು ಬೇಡ ಎಂದು ನಾನು ಹೇಳುತ್ತಿಲ್ಲ, ಅಂಗಡಿಯವರೂ ಬದುಕಬೇಕು. ಸೋಫಾದ ಚಿತ್ರ ಹಾಕಿ ಸೋಫಾ ಮಾರಲಿ.

ಮಗ ರಜೆಗೆ ಬರುವವನಿದ್ದಾನೆ. ಸ್ಟೇಷನ್ನಿನಿಂದ ಆಟೊ ಹಿಡಿದು ಇದೇ ಮೂಲೆಯಲ್ಲಿ ಇಳಿಯುತ್ತಾನೆ. ಅಷ್ಟರೊಳಗೆ ಅದು ಅಲ್ಲಿರಬಾರದು. ‘ನೋಡ್ತೀನಿ ಅಕ್ಕೋರ’ ಎಂಬ ಉತ್ತರ ನನಗೆ ಸಾಕಾಗಿದೆ. ಈ ಸಲ ಏನು ಮಾಡಿದಿರಿ, ಯಾವ ತಾರೀಖಿಗೆ ಮಾಡಿದಿರಿ ಎಂದು ಬರವಣಿಗೆಯಲ್ಲಿ ತಿಳಿಸಿ.

ಇಂತಿ,
ತಮ್ಮ ವಾರ್ಡಿನ ಮತದಾರಳು, ಒಬ್ಬ ಸೈನಿಕನ ತಾಯಿ
ಕಲಬುರಗಿ